ಗಾಬೊರ್ ಸಾಬೊನ ಬಿಟ್ಟ ತಂತಿ

– ಮಾವ, ಇದು ರಾಗ ಅಲ್ಲ.

– ಅಲ್ಲ.

– ಹೊದಿಕೆ ಮೇಲೆ ‘ಜಾಝ್ ರಾಗ’ ಅಂತ ದೊಡ್ಡದಾಗಿ ಬರೆದಿದ್ದಾರೆ. ಒಳಗೆ ‘ಕೃಷ್ಣ’ ಅಂತ ಒಂದು ಪೀಸು, ‘ರವಿ’ ಅಂತ ಇನ್ನೊಂದು. ಸಿತಾರ್ ನುಡಿಸೋನು ತಂತಿ ಎಳೀತಾನೆ ನಿಜ. ಎಳೆದ ಸ್ವರ ಎಲ್ಲಿ ಹೋಗಿ ಕೂರಬೇಕು ಅನ್ನೋದು ಮಾತ್ರ ಅವನಿಗೆ ಗೊತ್ತಿಲ್ಲ. ನಮ್ಮ ವೀಣೆ ಮೇಷ್ಟ್ರು ಕೇಳಿದ್ದರೆ ಒಂದು ನಿಮಿಷಕ್ಕೇ ಎದ್ದು ಹೋಗ್ತಿದ್ದರು. ಇದನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೀರಲ್ಲ?

– ನಿನ್ನ ದೂರು ಸರಿಯಾದದ್ದೇ. 1966ರ ಆಗಸ್ಟಿನಲ್ಲಿ ಇಂಪಲ್ಸ್ ಕಂಪನಿ ರೆಕಾರ್ಡ್ ಮಾಡಿದ ಎಲ್‌ಪಿ ಅದು. ಅದಕ್ಕೆ ಹಿಂದಿನ ಡಿಸೆಂಬರಿನಲ್ಲಿ ಬೀಟಲ್ಸ್ ತಂಡದವರು ‘ನಾರ್ವೀಜಿಯನ್ ವುಡ್’ ಹಾಡಿನಲ್ಲಿ ಸಿತಾರ್ ಹಾಕಿದ್ದರು. ಮುಂದಿನ ಬೇಸಿಗೆಗೆ ರೋಲಿಂಗ್ ಸ್ಟೋನ್ಸ್ ‘ಪೇಂಟ್ ಇಟ್ ಬ್ಲ್ಯಾಕ್’ನಲ್ಲಿ ಹಾಕಿದರು. ಆ ವರ್ಷ ಅಮೆರಿಕದಲ್ಲಿ ಯಾವ ಸ್ಟುಡಿಯೋಗೆ ಹೋದರೂ ಸಿತಾರದ್ದೇ ಮಾತು. ಗಿಟಾರ್ ನುಡಿಸೋ ಈ ಗಾಬೊರ್ ಸಾಬೊನೂ ಕೈಗೆತ್ತಿಕೊಂಡ. ‘ಪೇಂಟ್ ಇಟ್ ಬ್ಲ್ಯಾಕ್’ ಇದೇ ಎಲ್‌ಪಿಯಲ್ಲೂ ಇದೆ, ನೋಡು. ಕಿವಿಗೆ ಬಿದ್ದಷ್ಟನ್ನು ನುಡಿಸಿದ್ದಾನೆ, ಅಷ್ಟೇ. ಡ್ರಮ್ಸ್‌ನಲ್ಲಿ ಬರ್ನಾರ್ಡ್ ಪರ್ಡಿ ಇರೋದರಿಂದ ಲಯ ಮಾತ್ರ ಗಟ್ಟಿಯಾಗಿದೆ. ನಾನು ಇದನ್ನು ಅವನ ದೊಡ್ಡ ಕೆಲಸ ಅಂತ ಎಂದೂ ಹೇಳಿಲ್ಲ.

– ಮತ್ತೆ ನನಗೆ ಮೊದಲು ಇದನ್ನೇ ಯಾಕೆ ಹಾಕಿದಿರಿ?

– ನೀನು ಬೇಡ ಅಂತೀಯ ಅಂತ ಗೊತ್ತಿತ್ತು. ಈಗ ಈ ಇನ್ನೊಂದನ್ನು ಕೇಳು. ಹೆಸರು ‘ದ ಸಾರ್ಸರರ್’, ಮಾಂತ್ರಿಕ ಅಂತ. 1967ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನ ಜಾಝ್ ವರ್ಕ್‌ಶಾಪ್ ಅನ್ನೋ ಕ್ಲಬ್ಬಿನಲ್ಲಿ, ಜನರ ಎದುರಿಗೇ ನುಡಿಸಿದ್ದು. ಇದರಲ್ಲಿ ಸಿತಾರ್ ಇಲ್ಲ. ಎರಡು ಗಿಟಾರ್, ಒಂದು ಬೇಸ್, ಡ್ರಮ್ಸ್, ಜತೆಗೆ ಕೈಯಲ್ಲಿ ಬಾರಿಸೋ ತಾಳವಾದ್ಯ. ಎರಡನೇ ಗಿಟಾರ್ ಜಿಮ್ಮಿ ಸ್ಟುವರ್ಟ್ ಅಂತ, ಶಾಸ್ತ್ರೀಯ ಗಿಟಾರ್ ಬಲ್ಲವನು. ಬೇಸ್ ನುಡಿಸೋ ಲೂಯಿಸ್ ಕಾಬೊಕ್ ಇವನ ಹಾಗೇ ಹಂಗೇರಿಯವನು. ಈ ಪೀಸಿನ ಹೆಸರು ‘ಮಿಜ್ರಾಬ್’.

– ಮಿಜ್ರಾಬ್ ಅಂದರೆ ಸಿತಾರಿನವರು ತೋರುಬೆರಳಿಗೆ ಹಾಕಿಕೊಳ್ಳೋ ತಂತಿ ಉಂಗುರ. ಇದು ಮೊದಲು ಕೇಳಿದ ಎಲ್‌ಪಿಯಲ್ಲೂ ಇತ್ತಲ್ಲ?

– ಇತ್ತು. ಅದೇ ಪೀಸು, ಎಂಟು ತಿಂಗಳ ಆಮೇಲೆ. ಮಾತಾಡದೆ ಕೇಳು.

– ...

– ಏನನ್ನಿಸಿತು?

– ಇನ್ನೊಂದು ಸಲ ಹಾಕಿ.

– ...

– ಮಾವ, ಕೆಳಗಿನ ತಂತಿಯನ್ನು ಅವನು ಬಿಡೋದೇ ಇಲ್ಲ. ಮೇಲಿನ ತಂತಿಗಳಲ್ಲಿ ಎಲ್ಲೆಲ್ಲೋ ಸುತ್ತಿ ಬರ್ತಾನೆ, ಅಡಿಯಲ್ಲಿ ಆ ಒಂದು ಸ್ವರ ಮಿಡಿಯುತ್ತಲೇ ಇದೆ. ನಾವು ವೀಣೆಯಲ್ಲಿ ತಾಳದ ತಂತಿಗಳನ್ನು ಕಿರುಬೆರಳಲ್ಲಿ ಮೀಟುತ್ತಾ ಹೋಗ್ತೀವಲ್ಲ, ಹಾಗೆ. ಷಡ್ಜ ಬಿಟ್ಟು ಒಂದು ಕ್ಷಣ ಇರಲಾರ ಈ ಮನುಷ್ಯ. ಮೊದಲಿನದರಲ್ಲಿ ನಿಜವಾದ ಸಿತಾರ್ ಇತ್ತು, ಅಲ್ಲಿ ನನಗೆ ಹೀಗೆ ಅನ್ನಿಸಲಿಲ್ಲ. ಇಲ್ಲಿ ಗಿಟಾರೇ ತಂಬೂರಿಯನ್ನೂ ಹೊತ್ತುಕೊಂಡಿದೆ.

– ನಾನು ಹೇಳಬೇಕು ಅಂತಿದ್ದದ್ದನ್ನು ನೀನೇ ಹೇಳಿಬಿಟ್ಟೆ. ಸಿತಾರನ್ನು ಕೆಳಗಿಟ್ಟ ಮೇಲೆ ಅವನು ನಮಗೆ ಹತ್ತಿರ ಬಂದ.

– ಒಂದು ನಿಮಿಷ. ಹತ್ತಿರ ಬಂದ ಅಂದರೆ ನಮ್ಮಿಂದ ಕಲಿತ ಅಂತಲೋ?

– ಅಲ್ಲೇ ಜನ ಎಡವೋದು. ಸಿತಾರ್ ಮುಟ್ಟೋದಕ್ಕೆ ಮುಂಚಿನ ರೆಕಾರ್ಡುಗಳಲ್ಲೂ ಬೆರಳಿಡದೆ ಮಿಡಿಸೋ ಈ ಬಿಟ್ಟ ತಂತಿ ಕೇಳಿಸುತ್ತೆ. 1961ರಿಂದ 65ರವರೆಗೆ ಚಿಕೊ ಹ್ಯಾಮಿಲ್ಟನ್ ಅನ್ನೋ ಡ್ರಮ್ಮರ್ ತಂಡದಲ್ಲಿದ್ದ. ಸ್ಯಾಕ್ಸೊಫೋನಿನಲ್ಲಿ ಚಾರ್ಲ್ಸ್ ಲಾಯ್ಡ್. ಆ ತಂಡದ ‘ಪ್ಯಾಸಿನ್ ಥ್ರೂ’ ಎಲ್‌ಪಿಯಲ್ಲಿ ಇವನೇ ಕಟ್ಟಿದ ‘ಲೇಡಿ ಗಾಬೊರ್’ ಇದೆ. ಜಾಝ್‌ನವರೆಲ್ಲ ಬಾರಿಗೊಂದು ಕಾರ್ಡ್, ಅಂದರೆ ಸ್ವರಗೊಂಚಲು, ಬದಲಿಸಿ ಓಡ್ತಿದ್ದ ಕಾಲ ಅದು. ಈ ಹುಡುಗ ಒಂದೇ ಕಡೆ ಕೂತು ಅಲ್ಲಿಂದಲೇ ಎಲ್ಲ ಹುಡುಕ್ತಿದ್ದ. ನಮ್ಮ ಸಂಗೀತ ಆಮೇಲೆ ಅವನಿಗೆ ಸಿಕ್ಕಿದಾಗ, ‘ಓಹೋ, ಹೀಗೆ ಕೂರೋದು ತಪ್ಪೇನಲ್ಲ, ಒಂದು ದೇಶವೇ ಹೀಗೆ ಕೂತಿದೆ’ ಅನ್ನೋ ಧೈರ್ಯ ಬಂದಿರಬೇಕು. ಇದು ನನ್ನ ಊಹೆ. ಕೇಳಿ ಕೇಳಿ ಗಟ್ಟಿಯಾದ ಊಹೆ.

– ಹಾಗಾದರೆ ಆ ಬಿಟ್ಟ ತಂತಿ ಎಲ್ಲಿಂದ ಬಂತು?

– ಅವನ ಊರಿನಿಂದ. ಹುಟ್ಟಿದ್ದು 1936ರ ಮಾರ್ಚ್ 8, ಬುಡಾಪೆಸ್ಟ್‌ನಲ್ಲಿ. ಸಾಬೊ ಅಂದರೆ ಹಂಗೇರಿಯನ್ ಭಾಷೆಯಲ್ಲಿ ದರ್ಜಿ, ಬಟ್ಟೆ ಹೊಲಿಯೋನು. ಹದಿನಾಲ್ಕನೇ ವಯಸ್ಸಿಗೆ ರಾಯ್ ರೋಜರ್ಸ್ ಸಿನಿಮಾ ನೋಡಿ, ಆ ಹಾಡೋ ಕೌಬಾಯ್ ಕೈಯಲ್ಲಿದ್ದ ಗಿಟಾರಿನ ಮೇಲೆ ಆಸೆಯಾಗಿ, ತಾನೇ ಕಲಿತ. ಜಾಝ್ ಕೇಳಿದ್ದು ವಾಯ್ಸ್ ಆಫ್ ಅಮೆರಿಕ ರೇಡಿಯೋದಲ್ಲಿ. ಆಗ ಅಲ್ಲಿ ಕಮ್ಯುನಿಸ್ಟ್ ಸರ್ಕಾರ. ಅಮೆರಿಕದ ಸಂಗೀತ ಅಂದರೆ ಮೆಚ್ಚುಗೆ ಇರಲಿಲ್ಲ. ತಗ್ಗಿಸಿದ ದನಿಯಲ್ಲಿ ರೇಡಿಯೋಗೆ ಕಿವಿ ಹಚ್ಚಿ ಕಲಿತ ಒಂದು ತಲೆಮಾರೇ ಪೂರ್ವ ಯುರೋಪಿನಲ್ಲಿತ್ತು. 1956ರಲ್ಲಿ ದಂಗೆ ಎದ್ದಿತು, ನವೆಂಬರಿನಲ್ಲಿ ಸೋವಿಯತ್ ಟ್ಯಾಂಕುಗಳು ಬಂದವು, ಸುಮಾರು 2 ಲಕ್ಷ ಜನ ದೇಶ ಬಿಟ್ಟರು. ಆ ಹೊತ್ತಿನಲ್ಲಿ ಇವನೂ ಹೊರಟು ಅಮೆರಿಕ ಸೇರಿದ. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಶಾಲೆಯಲ್ಲಿ ಓದಿದ. 1958ರಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಬೇರೆ ಬೇರೆ ದೇಶದ ಯುವಕರನ್ನು ಸೇರಿಸಿ ಒಂದು ಬ್ಯಾಂಡ್ ಕಟ್ಟಿದರು, ಅದರಲ್ಲೂ ಇದ್ದ.

– ಬಿಟ್ಟ ತಂತಿ ಎಲ್ಲಿಂದ ಅಂತ ಕೇಳಿದೆ.

– ಬರ್ತಾ ಇದೀನಿ. ಹಂಗೇರಿಯ ಹಳ್ಳಿಗಳಲ್ಲಿ ‘ಸಿತೆರ’ ಅಂತ ಒಂದು ವಾದ್ಯ ಇದೆ. ಉದ್ದನೆ ಮರದ ಪೆಟ್ಟಿಗೆ, ಮೇಜಿನ ಮೇಲಿಟ್ಟುಕೊಂಡು ನುಡಿಸ್ತಾರೆ. ಒಂದು ಕಡೆ ಮೆಟ್ಟಿಲುಗಳ ಮೇಲೆ ರಾಗ ನುಡಿಸೋ ತಂತಿಗಳು. ಪಕ್ಕದಲ್ಲಿ ಬೆರಳಿಡದೇ ಬರೀ ಮಿಡಿಯುತ್ತಾ ಹೋಗೋ ತಂತಿಗಳು. ಅಲ್ಲಿನ ಚರ್ಮದ ಚೀಲದ ವಾದ್ಯಕ್ಕೆ ‘ದುಡಾ’ ಅಂತಾರೆ, ಅದರಲ್ಲೂ ಶ್ರುತಿಯ ಕೊಳವೆ ಬೇರೆ ಇದೆ. ಬಾರ್ತೋಕ್, ಕೊದಾಯ್ ಇಬ್ಬರೂ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲೇ ಫೋನೋಗ್ರಾಫ್ ಹೊತ್ತು ಹಳ್ಳಿ ಹಳ್ಳಿ ಅಲೆದು ಇಂಥ ಹಾಡುಗಳನ್ನು ಸಂಗ್ರಹಿಸಿದರು. ಸಾಬೊ ಪೇಟೆಯ ಹುಡುಗ, ಹಳ್ಳಿಯ ಸಿತೆರ ನುಡಿಸಿದ ಅಂತ ನಾನು ಹೇಳೋದಿಲ್ಲ. ಆ ನೆಲದ ಕಿವಿ ಅಂಥದು, ಅಷ್ಟೇ. ಇನ್ನೊಂದು ಸಂಗತಿ ಇದೆ, ಅದಕ್ಕೆ ನಿನ್ನ ಸಹಾಯ ಬೇಕು. ಪಾಶ್ಚಾತ್ಯರು ‘ಹಂಗೇರಿಯನ್ ಮೈನರ್’ ಅನ್ನೋ ಸ್ವರಶ್ರೇಣಿ ಹೇಳ್ತಾರೆ. ಬರೆದುಕೋ. ಸಿ, ಡಿ, ಇ ಫ್ಲಾಟ್, ಎಫ್ ಶಾರ್ಪ್, ಜಿ, ಎ ಫ್ಲಾಟ್, ಬಿ.

– ಸಿ ಅನ್ನು ಷಡ್ಜ ಮಾಡಿಕೊಳ್ತೀನಿ. ಡಿ ಚತುಶ್ರುತಿ ರಿಷಭ. ಆಮೇಲೆ ಸಾಧಾರಣ ಗಾಂಧಾರ. ಎಫ್ ಶಾರ್ಪ್ ಅಂದರೆ ಪ್ರತಿ ಮಧ್ಯಮ. ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ... ಮಾವ, ಇದು ಸಿಂಹೇಂದ್ರಮಧ್ಯಮ!

– ಹೌದಾ?

– 57ನೇ ಮೇಳ. ಒಂದು ಸ್ವರವೂ ಆಚೀಚೆ ಇಲ್ಲ. ಮೈಸೂರು ವಾಸುದೇವಾಚಾರ್ಯರ ‘ನಿನ್ನೇ ನಮ್ಮಿತಿನಯ್ಯ’ ಇದೇ ರಾಗ. ನನಗೆ ಪಾಠ ಆದಾಗ ಆ ಗಾಂಧಾರದಿಂದ ಪ್ರತಿ ಮಧ್ಯಮಕ್ಕೆ ಹೋಗೋ ಜಾಗದಲ್ಲಿ ಎರಡು ವಾರ ಕೂತಿದ್ದೆ. ಮಧ್ಯೆ ಅಷ್ಟು ಅಂತರ ಇದೆಯಲ್ಲ, ಅಲ್ಲೇ ಆ ರಾಗದ ದುಃಖ ಇರೋದು. ಧೈವತ ನಿಷಾದಗಳ ನಡುವೆಯೂ ಅದೇ ಅಂತರ. ಈಗ ಆ ‘ಮಿಜ್ರಾಬ್’ ಯಾಕೆ ಪರಕೀಯ ಅನ್ನಿಸಲಿಲ್ಲ ಅಂತ ಸ್ವಲ್ಪ ಅರ್ಥ ಆಗ್ತಿದೆ.

– ಹುಷಾರು. ಅವನು ಎಲ್ಲ ಕಡೆ ಈ ಶ್ರೇಣಿಯನ್ನೇ ನುಡಿಸ್ತಾನೆ ಅಂತ ಅಲ್ಲ.

– ಗೊತ್ತು. ಸ್ವರ ಏಳೂ ಸಿಕ್ಕಿದರೆ ರಾಗ ಆಗೋದಿಲ್ಲ. ಗಮಕ ಬೇಕು, ಸಂಚಾರ ಬೇಕು, ಎಲ್ಲಿ ನಿಲ್ಲಬೇಕು ಅನ್ನೋ ನಡತೆ ಬೇಕು. ಅವನಲ್ಲಿ ಅದು ಯಾವುದೂ ಇಲ್ಲ. ಆದರೆ ಇಂಥ ಅಂತರಗಳನ್ನು ಕೇಳುತ್ತಾ ಬೆಳೆದವನಿಗೆ ಸಿತಾರ್ ದೂರದ ದೇಶದ ವಿಚಿತ್ರ ವಸ್ತುವಾಗಿ ಕಂಡಿರಲಾರದು. ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಹುಡುಗರಿಗೂ ಇವನಿಗೂ ಇರೋ ವ್ಯತ್ಯಾಸ ಇದು ಅನ್ನಿಸುತ್ತೆ.

– ಇದನ್ನು ಬರೆದಿಡಬೇಕು ಕಣೇ. ಇಷ್ಟು ವರ್ಷ ಕೇಳಿದ್ದೀನಿ, ನನಗೆ ಸಿಂಹೇಂದ್ರಮಧ್ಯಮ ಹೊಳೆದಿರಲಿಲ್ಲ.

– ಆದರೂ ಒಂದು ಮಾತು ಹೇಳಬೇಕು, ಬೇಜಾರು ಮಾಡ್ಕೋಬೇಡಿ. ಚಾರ್ಲಿ ಮರಿಯಾನೊ ಅಂತ ಸ್ಯಾಕ್ಸೊಫೋನ್ ವಾದಕರು. ಅವರು ನಾಗಸ್ವರ ಕಲಿತರು, ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರ ಜತೆ ಸೇರಿ 1983ರಲ್ಲಿ ‘ಜ್ಯೋತಿ’ ಅಂತ ರೆಕಾರ್ಡ್ ಮಾಡಿದರು. ಆರ್. ಎ. ರಮಾಮಣಿ ಅವರು ಹಾಡಿರೋದು. ಜಾನ್ ಮೆಕ್‌ಲಾಫ್ಲಿನ್ ವೀಣೆ ಕಲಿತು, ಗಿಟಾರಿನ ಮೆಟ್ಟಿಲುಗಳ ನಡುವೆ ಮರ ಕೆತ್ತಿಸಿ ಗಮಕಕ್ಕೆ ಜಾಗ ಮಾಡಿಕೊಂಡು, ತರಬು ತಂತಿ ಹಾಕಿಸಿ ‘ಶಕ್ತಿ’ ತಂಡಕ್ಕೆ ಬಂದರು. ಅವರು ಕೂತು ಕಲಿತವರು. ನಿಮ್ಮ ಸಾಬೊ ದಾರಿಯಲ್ಲಿ ಹೋಗ್ತಾ ಕೇಳಿದವನು. ಮೂವರನ್ನೂ ಒಂದೇ ಸಾಲಿನಲ್ಲಿ ಕೂರಿಸೋದು ನ್ಯಾಯವಾ?

– ಒಂದೇ ಸಾಲು ಬೇಡ. ಮೆಕ್‌ಲಾಫ್ಲಿನ್ ನಮ್ಮ ಮನೆಯೊಳಗೆ ಬಂದು ನಮ್ಮ ಭಾಷೆ ಕಲಿತ, ಅದು ದೊಡ್ಡ ಸಾಧನೆ. ಸಾಬೊ ತನ್ನ ಭಾಷೆಯಲ್ಲೇ ಮಾತಾಡಿದ, ನಮಗೂ ಅರ್ಥವಾಯಿತು. ಕಾಲವನ್ನೂ ನೋಡು. ‘ಶಕ್ತಿ’ಯ ಮೊದಲ ಎಲ್‌ಪಿ ಬಂದದ್ದು 1976ರಲ್ಲಿ. ಅದಕ್ಕೆ ಹತ್ತು ವರ್ಷ ಹಿಂದೆ, ರೆಕಾರ್ಡ್ ಅಂಗಡಿಯಲ್ಲಿ ‘ವರ್ಲ್ಡ್ ಮ್ಯೂಸಿಕ್’ ಅನ್ನೋ ಕಪಾಟೇ ಇರದ ಕಾಲದಲ್ಲಿ, ಇವನು ಹಂಗೇರಿ, ಸ್ಪೇನ್, ಬ್ರೆಝಿಲ್, ಭಾರತ ಎಲ್ಲವನ್ನೂ ಒಂದೇ ಗಿಟಾರಿನಲ್ಲಿ ಇಟ್ಟುಕೊಂಡಿದ್ದ. 1968ರ ‘ಡ್ರೀಮ್ಸ್’ ಕೇಳಿದರೆ ಗೊತ್ತಾಗುತ್ತೆ. ಸ್ಪೇನಿನ ಮಾನುಯೆಲ್ ದ ಫಾಯಾ ಅವರ ಅಗ್ನಿನೃತ್ಯ ಅದರಲ್ಲಿದೆ. ಕೊದಾಯ್ ಅವರ ಸಂಗೀತದಿಂದ ತೆಗೆದುಕೊಂಡ ‘ದ ಲೇಡಿ ಇನ್ ದ ಮೂನ್’ ಇದೆ. ಡೊನೊವನ್ ಅನ್ನೋ ಪಾಪ್ ಗಾಯಕನ ‘ಫೆರಿಸ್ ವೀಲ್’ ಇದೆ. ಮೂರೂ ಒಂದೇ ಮನೆಯ ಮಕ್ಕಳ ಹಾಗೆ ಕೇಳಿಸ್ತವೆ. ನನ್ನ ಮಟ್ಟಿಗೆ ಅವನ ಎಲ್‌ಪಿಗಳಲ್ಲಿ ಅದೇ ಮೊದಲು. ಬೆಸೆಯೋದು ಅಂದರೆ ಅದು. ಹೊಲಿಗೆ ಕಾಣೋದಿಲ್ಲ.

– ದರ್ಜಿಯ ಹೆಸರು ಸುಮ್ಮನೆ ಬಂದದ್ದಲ್ಲ.

– ಗಿಟಾರ್ ಬಗ್ಗೆಯೂ ಹೇಳಬೇಕು. ಆಗಿನ ಜಾಝ್‌ನವರು ಹೊಟ್ಟೆ ದಪ್ಪಗಿರೋ ಎಲೆಕ್ಟ್ರಿಕ್ ಗಿಟಾರಿನಲ್ಲಿ ದುಂಡನೆ, ಮೆತ್ತನೆ ನಾದ ತೆಗೀತಿದ್ದರು. ಇವನು ಜನಪದ ಗಾಯಕರು ಹಿಡಿಯೋ ಮಾರ್ಟಿನ್ ಅಕೌಸ್ಟಿಕ್ ಗಿಟಾರಿಗೆ ಪಿಕಪ್ ಕೂರಿಸಿದ. ಉಕ್ಕಿನ ತಂತಿ, ಟೊಳ್ಳು ಪೆಟ್ಟಿಗೆ. ಆಂಪ್ಲಿಫೈಯರ್ ಹತ್ತಿರ ಹೋದರೆ ಪೆಟ್ಟಿಗೆ ತಾನೇ ಗುಂಯ್‌ಗುಟ್ಟೋದಕ್ಕೆ ಶುರು ಮಾಡುತ್ತೆ. ಉಳಿದವರು ಆ ಫೀಡ್‌ಬ್ಯಾಕ್ ತಪ್ಪಿಸೋದಕ್ಕೆ ಒದ್ದಾಡ್ತಿದ್ದರು. ಇವನು ಅದನ್ನು ಕರೆದು ಕೂರಿಸಿಕೊಂಡ. ಒಂದು ಸ್ವರ ಮೀಟಿ ಬಿಟ್ಟರೆ ಅದು ಸಾಯದೆ ಹಾಗೇ ನಿಲ್ಲೋದು. ಗಿಟಾರಿನ ಸ್ವರಕ್ಕೆ ಆಯಸ್ಸು ಕಡಿಮೆ ಅಂತಾರಲ್ಲ, ಅದಕ್ಕೆ ಅವನು ಕಂಡುಕೊಂಡ ಉಪಾಯ.

– ವೀಣೆಯವರ ಕಷ್ಟವೂ ಅದೇ. ಒಂದು ಮೀಟಿನಲ್ಲಿ ಎಷ್ಟು ದೂರ ಹೋಗಬಹುದು ಅನ್ನೋದೇ ನಮ್ಮ ಪರೀಕ್ಷೆ. ಸರಿ ಮಾವ, ಇಷ್ಟೆಲ್ಲ ಇದ್ದೂ ಇವನ ಹೆಸರು ನಾನು ಕೇಳಿರಲೇ ಇಲ್ಲವಲ್ಲ?

– ಹೆಸರು ಕೇಳಿಲ್ಲ, ಸಂಗೀತ ಕೇಳಿದ್ದೀಯ. ಸಂತಾನಾ ತಂಡದ ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಗೊತ್ತಲ್ಲ?

– ಕಾಲೇಜಿನಲ್ಲಿ ಗಿಟಾರ್ ಹಿಡಿದವರೆಲ್ಲ ನುಡಿಸ್ತಿದ್ದರು.

– 1970ರ ‘ಅಬ್ರಾಕ್ಸಸ್’ ಎಲ್‌ಪಿಯಲ್ಲಿ ಆ ಹಾಡಿನ ಹೆಸರಿನ ಪಕ್ಕ ಇನ್ನೊಂದು ಹೆಸರಿದೆ, ‘ಜಿಪ್ಸಿ ಕ್ವೀನ್’. ಹಾಡು ಪೀಟರ್ ಗ್ರೀನ್ ಅವನದು. ಅದು ಮುಗಿದ ಮೇಲೆ ಲಯ ಏರಿಸಿಕೊಂಡು ಓಡೋ ಕೊನೆ ಭಾಗ ಸಾಬೊನದು. 1966ರ ‘ಸ್ಪೆಲ್‌ಬೈಂಡರ್’ನಲ್ಲಿ ಅವನು ಅದನ್ನು ನುಡಿಸಿದ್ದ. ಬೇಸ್‌ನಲ್ಲಿ ರಾನ್ ಕಾರ್ಟರ್, ಡ್ರಮ್ಸ್‌ನಲ್ಲಿ ಹಳೇ ಯಜಮಾನ ಚಿಕೊ ಹ್ಯಾಮಿಲ್ಟನ್, ಲ್ಯಾಟಿನ್ ತಾಳವಾದ್ಯಕ್ಕೆ ವಿಲ್ಲಿ ಬೋಬೊ, ವಿಕ್ಟರ್ ಪಾಂಟೋಜಾ. ಲ್ಯಾಟಿನ್ ತಾಳದ ಮೇಲೆ ಅಳೋ ಗಿಟಾರ್ ಕೂರಿಸೋ ದಾರಿ ಅಲ್ಲಿದೆ. ಕಾರ್ಲೋಸ್ ಸಂತಾನಾ ಇವನ ಋಣವನ್ನು ಬಾಯಿಬಿಟ್ಟೇ ಹೇಳಿಕೊಂಡವನು, ಅದು ದೊಡ್ಡತನ. ಆದರೆ ರೇಡಿಯೋಗೆ ಅಂತ ಹಾಡನ್ನು ಚಿಕ್ಕದು ಮಾಡಿದಾಗ ಕತ್ತರಿ ಬಿದ್ದದ್ದು ಕೊನೆ ಭಾಗಕ್ಕೇ.

– ಅಯ್ಯೋ.

– ಇನ್ನೊಂದು ಕೇಳು. ಬಾಬಿ ವೊಮ್ಯಾಕ್ ‘ಬ್ರೀಝಿನ್’ ಅಂತ ಒಂದು ಪೀಸು ಕಟ್ಟಿದ. ಮೊದಲು ನುಡಿಸಿದ್ದು ಸಾಬೊ, ವೊಮ್ಯಾಕ್ ಜತೆಗೇ, 1971ರ ‘ಹೈ ಕಾಂಟ್ರಾಸ್ಟ್’ನಲ್ಲಿ. ನಿರ್ಮಾಪಕ ಟಾಮಿ ಲಿಪೂಮಾ. ಐದು ವರ್ಷ ಆದ ಮೇಲೆ ಅದೇ ಲಿಪೂಮಾ ಅದೇ ಪೀಸನ್ನು ಜಾರ್ಜ್ ಬೆನ್ಸನ್ ಕೈಯಲ್ಲಿ ನುಡಿಸಿಸಿದ. ಎಲ್‌ಪಿಯ ಹೆಸರೂ ‘ಬ್ರೀಝಿನ್’. ಅಮೆರಿಕದ ಪಾಪ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಹತ್ತು ಲಕ್ಷ ಮೀರಿ ಮಾರಾಟ ಆಯಿತು. ಬೆನ್ಸನ್ ದೊಡ್ಡ ಗಿಟಾರಿಸ್ಟ್, ಅದರಲ್ಲಿ ಅನುಮಾನ ಇಲ್ಲ. ಆದರೆ ಇಂದು ‘ಬ್ರೀಝಿನ್’ ಅಂದರೆ ಸಾಬೊನ ನೆನಪು ಯಾರಿಗಿದೆ?

– ಅವಕಾಶ ತಪ್ಪಿದ್ದು ಒಂದು ಕಾರಣ. ವಿಮರ್ಶಕರು ಅವನನ್ನು ಕೈಬಿಟ್ಟರೋ?

– ಜಾಝ್‌ನಲ್ಲಿ ಗಿಟಾರಿಗೆ ಒಂದು ವಂಶಾವಳಿ ಇದೆ. ಚಾರ್ಲಿ ಕ್ರಿಶ್ಚಿಯನ್‌ನಿಂದ ವೆಸ್ ಮಾಂಟ್ಗೊಮರಿವರೆಗೆ. ಕಾರ್ಡುಗಳು ವೇಗವಾಗಿ ಬದಲಾಗ್ತಿರಬೇಕು, ನೀನು ಒಂದನ್ನೂ ಬಿಡದೆ ಹಾದು ಹೋಗಬೇಕು. ಆ ಅಳತೆಗೋಲು ಹಿಡಿದರೆ, ಒಂದೇ ಶ್ರುತಿಯಲ್ಲಿ ಕೂತು ಒಂದೇ ಸ್ವರವನ್ನು ಹತ್ತು ಸಲ ಬೇರೆ ಬೇರೆ ಒತ್ತು ಕೊಟ್ಟು ನುಡಿಸೋನು ಅಲ್ಪಜ್ಞನ ಹಾಗೆ ಕಾಣ್ತಾನೆ. ನಮ್ಮಲ್ಲಿ ಆಲಾಪನೆ ಮಾಡೋರನ್ನು ‘ಇವರಿಗೆ ಬೇರೆ ಸ್ವರ ಗೊತ್ತಿಲ್ಲ’ ಅಂತ ಯಾರಾದರೂ ಅಂತಾರಾ? ಇನ್ನೊಂದು ಕಾರಣ, ಪಾಪ್ ಹಾಡುಗಳು. ಬೀಟಲ್ಸ್, ಡೊನೊವನ್, ‘ಬ್ಯಾಂಗ್ ಬ್ಯಾಂಗ್’. ಅದನ್ನು ನೋಡಿ ಶುದ್ಧ ಜಾಝ್‌ನವರು ಮೂಗು ಮುರಿದರು. ರಾಕ್ ಕೇಳೋರಿಗೆ ಇವನು ತೀರ ಮೆಲುದನಿ. ಎರಡು ಊರಿನ ನಡುವೆ ಮನೆ ಕಟ್ಟಿದವನಿಗೆ ಎರಡು ಊರಿನವರೂ ನೀರು ಬಿಡಲಿಲ್ಲ.

– ಎಲ್ಲ ತಪ್ಪೂ ಕೇಳೋರದ್ದೇ ಅಂತೀರಾ?

– ಇಲ್ಲ. 70ರ ದಶಕದ ಕೆಲವು ಎಲ್‌ಪಿಗಳು ನನಗೂ ಹಿಡಿಸೋದಿಲ್ಲ. ಪಿಟೀಲುಗಳ ಗುಂಪು, ಡಿಸ್ಕೋ ಲಯ, ನಡುವೆ ಅವನನ್ನು ಹುಡುಕಬೇಕು. ಗ್ಯಾರಿ ಮೆಕ್‌ಫಾರ್ಲಂಡ್, ಕ್ಯಾಲ್ ಜೇಡರ್ ಜತೆ ಸೇರಿ 1968ರಲ್ಲಿ ಸ್ಕೈ ಅನ್ನೋ ಸ್ವಂತ ಕಂಪನಿ ಕಟ್ಟಿದ, ‘ಡ್ರೀಮ್ಸ್’ ಬಂದದ್ದು ಅಲ್ಲಿಂದಲೇ. ಅದು ಬೇಗ ಮುಚ್ಚಿತು, ಮೆಕ್‌ಫಾರ್ಲಂಡ್ 1971ರಲ್ಲಿ ತೀರಿಕೊಂಡ. ಸಾಬೊನ ಮನಸ್ಸು ಬಲ್ಲ ಸಂಗಾತಿ ಹೋದ. ಹೆರಾಯಿನ್ ಚಟವೂ ಇತ್ತು, ಅದು ಒಳಗಿನಿಂದ ತಿಂದಿತು. ಆದರೆ 1972ರ ಡಿಸೆಂಬರಿನಲ್ಲಿ ಇನ್ನೊಂದು ಸಲ ‘ಮಿಜ್ರಾಬ್’ ನುಡಿಸಿದ್ದಾನೆ. ಆ ಎಲ್‌ಪಿಯ ಹೆಸರೇ ‘ಮಿಜ್ರಾಬ್’. ರಾನ್ ಕಾರ್ಟರ್, ಜ್ಯಾಕ್ ಡಿಜಾನೆಟ್, ಬಿಲ್ಲಿ ಕಾಬ್ಹಂ, ಬಾಬ್ ಜೇಮ್ಸ್, ಎಲ್ಲ ಘಟಾನುಘಟಿಗಳು. ಅದರಲ್ಲೇ ಶೊಸ್ತಕೊವಿಚ್‌ನ ಎರಡನೇ ಪಿಯಾನೊ ಕನ್ಸರ್ಟೋದ ಒಂದು ಭಾಗವೂ ಇದೆ.

– ಆ ಒಂದೇ ಪೀಸು ಮೂರು ಸಲ. ಒಂದು ಕೃತಿಯನ್ನು ನಾವು ಜೀವನವಿಡೀ ನುಡಿಸ್ತೀವಲ್ಲ, ಹಾಗೆ. ಅವನು ಮತ್ತೆ ಊರಿಗೆ ಹೋದನಾ?

– 1974ರಲ್ಲಿ ಹೋಗಿ ನುಡಿಸಿದ. ಓಡಿಹೋದ ಹುಡುಗ ಹದಿನೆಂಟು ವರ್ಷ ಆದ ಮೇಲೆ ಬಂದ, ಅಲ್ಲಿನ ಟೆಲಿವಿಷನ್ನಿನವರು ಚಿತ್ರಿಸಿಕೊಂಡರು. ಕೊನೆಯ ಎಲ್‌ಪಿ ‘ಫೆಮ್ ಫತಾಲ್’. ಅದರಲ್ಲಿ ಚಿಕ್ ಕೊರಿಯಾ ಅತಿಥಿಯಾಗಿ ಪಿಯಾನೊ ನುಡಿಸಿದ್ದಾನೆ. ಲಾಸ್ ಏಂಜಲೀಸ್‌ನಲ್ಲಿ ಮಾಡಿದ ಆ ಕೆಲಸವನ್ನು 1981ರಲ್ಲಿ ಹೊರತಂದದ್ದು ಹಂಗೇರಿಯ ಕಂಪನಿ. ಮುಂದಿನ ವರ್ಷ ಫೆಬ್ರವರಿ 26ರಂದು ಬುಡಾಪೆಸ್ಟ್‌ನಲ್ಲೇ ತೀರಿಕೊಂಡ. ನಲವತ್ತಾರು ತುಂಬೋದಕ್ಕೆ ಇನ್ನು ಹತ್ತು ದಿನ ಇತ್ತು.

– ಮಾವ, ಈ ಎರಡನ್ನೂ ಒಂದು ವಾರ ತೆಗೆದುಕೊಂಡು ಹೋಗಲಾ? ಆ ಬಿಟ್ಟ ತಂತಿಯ ಮೇಲೆ ವೀಣೆ ಇಟ್ಟು ನೋಡಬೇಕು. ಅವನು ಯಾವ ಸ್ವರದಲ್ಲಿ ನಿಲ್ತಾನೆ ಅಂತ ಬರೆದುಕೊಳ್ತೀನಿ.

– ತೆಗೆದುಕೊಂಡು ಹೋಗು. ನಿನ್ನ ಜತೆ ನುಡಿಸೋ ಹುಡುಗ ಹುಡುಗಿಯರಿಗೂ ಕೇಳಿಸು. ಅವರಿಗೆ ‘ಜಾಝ್ ರಾಗ’ ಹಾಕಬೇಡ, ಹೆಸರು ನೋಡಿ ಜಗಳ ಶುರು ಮಾಡ್ತಾರೆ. ‘ದ ಸಾರ್ಸರರ್’ ಮೊದಲು, ಆಮೇಲೆ ‘ಡ್ರೀಮ್ಸ್’. ಯಾರು ನುಡಿಸಿದ್ದು ಅಂತ ಕೇಳಿದರೆ ಹೆಸರನ್ನು ಪೂರ್ತಿಯಾಗಿ ಹೇಳು, ಗಾಬೊರ್ ಸಾಬೊ.